ಗೊತ್ತಿಲ್ಲ ಎಂದು ಬರೆಯುವುದು

ಊರಿಗೆ ಹೋದಾಗಲೆಲ್ಲ "ಅಮೆರಿಕದಲ್ಲಿ ನಿನ್ನ ಕೆಲಸ ಏನಪ್ಪಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. "ಕಂಪ್ಯೂಟರ್ ಕೆಲಸ" ಎಂದರೆ ಸಾಕು, ಎಲ್ಲರೂ ತಲೆಯಾಡಿಸಿ ಕಾಫಿಯ ಕಡೆಗೆ ತಿರುಗುತ್ತಾರೆ. ಒಮ್ಮೆ ಮಾತ್ರ ಅತ್ತೆ ಬಿಡಲಿಲ್ಲ. "ಕಂಪ್ಯೂಟರ್‌ನಲ್ಲಿ ಏನು ಮಾಡ್ತೀಯ ಅಂತ ಹೇಳು" ಎಂದರು. ಒಂದು ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದೇನೆ, ನೆಲದಡಿ ಇರುವ ಪೈಪುಗಳ ನಕ್ಷೆ ಮಾಡುತ್ತೇನೆ ಎಂದೆ. ಅತ್ತೆ ನಕ್ಕುಬಿಟ್ಟರು. "ಅಂದ್ರೆ ನಿಮ್ಮ ಮಾವನ ಕೆಲಸಾನೇ ಅನ್ನು. ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?"

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಾವ ತುಮಕೂರು ಕಡೆಯ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಮೂವತ್ತು ವರ್ಷ ವಾಲ್ವ್‌ಮನ್ ಆಗಿದ್ದವರು. ಊರವರ ಬಾಯಲ್ಲಿ 'ನೀರು ಬಿಡೋರು'. ಬೆಳಗಿನ ಜಾವ ನಾಲ್ಕಕ್ಕೆಲ್ಲ ಎದ್ದು, ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೂ ಕ್ಯಾರಿಯರ್ ಮೇಲೆ ಕೂತು ಹೋಗುತ್ತಿದ್ದೆ. ಪುರಸಭೆಯಲ್ಲಿ ಹಿಂದೆ ಪೈಪುಗಳ ನಕ್ಷೆಯೊಂದು ಇತ್ತಂತೆ. ಅದನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಊರಿನ ನಕ್ಷೆ ಎಂದರೆ ಮಾವನ ತಲೆಯೇ.

ಎಲ್ಲಾದರೂ ಪೈಪು ಒಡೆದರೆ ಎಂಜಿನಿಯರು ಮಾವನನ್ನು ಕರೆಸಿ, ಇಲ್ಲಿ ಲೈನು ಹೇಗೆ ಹೋಗಿದೆ ಎಂದು ಕೇಳುತ್ತಿದ್ದರು. ಮಾವನ ಹತ್ತಿರ ಮೂರು ಬಗೆಯ ಉತ್ತರಗಳಿದ್ದವು. "ಅಗೆದಾಗ ನೋಡಿದ್ದೀನಿ ಸಾರ್, ಬೇವಿನ ಮರದಿಂದ ಮೂರು ಮಾರು ಈಚೆ" ಎನ್ನುವುದು ಒಂದು. "ನಮಗಿಂತ ಹಳಬರು ಹೇಳ್ತಿದ್ರು, ಗುಡಿ ಹಿಂದೆ ತಿರುಗಿದೆ ಅಂತ" ಎನ್ನುವುದು ಇನ್ನೊಂದು. ಮೂರನೆಯದು, "ಇಲ್ಲೇ ಇರಬೌದು ಸಾರ್, ಅಗೆದೇ ನೋಡ್ಬೇಕು." ಮೊದಲನೆಯ ಉತ್ತರ ಬಂದರೆ ಆಳುಗಳು ಹಾರೆ ಎತ್ತಿ ಬಿರಬಿರನೆ ಅಗೆಯುತ್ತಿದ್ದರು. ಮೂರನೆಯದು ಬಂದರೆ ಗುದ್ದಲಿ ಮೆಲ್ಲಗೆ ಬೀಳುತ್ತಿತ್ತು. ಆಗ ಇದು ನನಗೆ ವಿಶೇಷವಾಗಿ ಕಂಡಿರಲಿಲ್ಲ. ಈಗ ನನ್ನ ವೃತ್ತಿಯಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಆ ಮೂರು ಉತ್ತರಗಳೇ ಎನ್ನಿಸುತ್ತದೆ. ಆದರೆ ಅದನ್ನು ಕಲಿಯಲು ನಾನು ಒಂದು ತಪ್ಪು ಮಾಡಬೇಕಾಯಿತು. ಆ ತಪ್ಪಿನ ಬಗ್ಗೆಯೇ ಈ ಬರಹ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಹಳೆಯ ಕಾಲದ ವಾಲ್ವ್‌ಮನ್ನನ್ನು ಹೊಗಳಿ ಹೊಸ ಕಾಲದ ಕಂಪ್ಯೂಟರನ್ನು ತೆಗಳುವುದು ನನ್ನ ಉದ್ದೇಶವಲ್ಲ. ಮಾವ ನಿವೃತ್ತರಾದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮುಖ್ಯ ಪೈಪು ಒಡೆದಾಗ, ಡಾಂಬರಿನಡಿ ಮುಚ್ಚಿಹೋಗಿದ್ದ ಒಂದು ವಾಲ್ವನ್ನು ಹುಡುಕಲಾಗದೆ ಊರು ಎರಡು ದಿನ ನೀರಿಲ್ಲದೆ ಕೂತಿತ್ತು. ಕೊನೆಗೆ ಮಾವನೇ ಹೋಗಿ ಹಿಮ್ಮಡಿಯಿಂದ ನೆಲ ತಟ್ಟಿ "ಇಲ್ಲಿ" ಎಂದರು. ಮನೆಯಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಇಡೀ ಊರಿನ ನೀರು ಒಬ್ಬ ಮನುಷ್ಯನ ನೆನಪಿಗೆ ಜೋತುಬಿದ್ದಿತ್ತಲ್ಲ ಎಂದು ನನಗೆ ಭಯವಾಗುತ್ತದೆ. ಇನ್ನೂ ಒಂದಿದೆ. ನಮ್ಮ ಬೀದಿಗೆ ಪಕ್ಕದ ಬೀದಿಗಿಂತ ಅರ್ಧ ಗಂಟೆ ಹೆಚ್ಚು ನೀರು ಬರುತ್ತಿತ್ತು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೂ ತೋರಿಸಲು ಯಾವ ದಾಖಲೆಯೂ ಇರಲಿಲ್ಲ. ಒಬ್ಬನ ತಲೆಯಲ್ಲಿರುವ ತಿಳಿವಳಿಕೆಯನ್ನು ಎಲ್ಲರೂ ನೋಡಬಹುದಾದ ಕಡೆ ಇಡುವುದೇ ನ್ಯಾಯದ ಮೊದಲ ಹೆಜ್ಜೆ. ನಕ್ಷೆ ಮಾಡುವ ಕೆಲಸವನ್ನು ನಾನು ಹಿಡಿದದ್ದು ಆ ನಂಬಿಕೆಯಿಂದಲೇ. ಆ ನಂಬಿಕೆ ಈಗಲೂ ಇದೆ.

ಈಗಿನ ನಕ್ಷೆ ಹೇಗಿರುತ್ತದೆ ಎಂದು ಸ್ವಲ್ಪ ಹೇಳಬೇಕು. ಜಿಐಎಸ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಪ್ರತಿ ಪೈಪೂ ಒಂದು ಗೆರೆ, ಪ್ರತಿ ವಾಲ್ವೂ ಒಂದು ಚುಕ್ಕೆ. ಗೆರೆಯ ಮೇಲೆ ಕ್ಲಿಕ್ ಮಾಡಿದರೆ ಪಟ್ಟಿಯೊಂದು ತೆರೆದುಕೊಳ್ಳುತ್ತದೆ: ವ್ಯಾಸ ಎಷ್ಟು, ಯಾವ ವರ್ಷ ಹಾಕಿದ್ದು, ಎಷ್ಟು ಆಳದಲ್ಲಿದೆ, ಯಾವ ಲೋಹ. ರಾತ್ರಿ ಎರಡು ಗಂಟೆಗೆ ಪೈಪು ಒಡೆದರೆ, ಯಾವ ಮೂರು ವಾಲ್ವ್ ಮುಚ್ಚಿದರೆ ಸಾಕು, ಅದರಿಂದ ಯಾವ ಮನೆಗಳಿಗೆ ನೀರು ನಿಲ್ಲುತ್ತದೆ, ಅವುಗಳಲ್ಲಿ ಡಯಾಲಿಸಿಸ್ ಕೇಂದ್ರ ಇದೆಯೇ, ಶಾಲೆ ಇದೆಯೇ ಎಂಬುದನ್ನೆಲ್ಲ ಅದು ಕ್ಷಣದಲ್ಲಿ ಹೇಳುತ್ತದೆ. ಇಪ್ಪತ್ತು ವರ್ಷದಲ್ಲಿ ಯಾವ ಬೀದಿಯಲ್ಲಿ ಎಷ್ಟು ಸಲ ಒಡೆದಿದೆ ಎಂದು ನೋಡಿ ಯಾವುದನ್ನು ಮೊದಲು ಬದಲಿಸಬೇಕು ಎಂದು ತೀರ್ಮಾನಿಸಬಹುದು. ಮಾವ ಒಬ್ಬರೇ ಹೊತ್ತಿದ್ದ ಭಾರವನ್ನು ಇದು ಎಲ್ಲರಿಗೂ ಹಂಚುತ್ತದೆ.

ಆದರೆ ಮಾವನ ತಲೆಯಿಂದ ಪರದೆಗೆ ಬರುವಾಗ ಒಂದು ವಸ್ತು ದಾರಿಯಲ್ಲಿ ಬಿದ್ದುಹೋಗುತ್ತದೆ. ಕಣ್ಣಾರೆ ಕಂಡ ಪೈಪೂ, ಯಾರೋ ಹೇಳಿದ ಪೈಪೂ, 'ಇರಬೌದು' ಎಂಬ ಪೈಪೂ ಪರದೆಯ ಮೇಲೆ ಒಂದೇ ದಪ್ಪದ ಒಂದೇ ನೀಲಿ ಗೆರೆ. ಮೂರಕ್ಕೂ ಒಂದೇ ಧೈರ್ಯ.

ನನ್ನ ತಪ್ಪು ನಡೆದದ್ದು ಸೀಸದ ವಿಷಯದಲ್ಲಿ. ಅಮೆರಿಕದ ಹಳೆಯ ನಗರಗಳಲ್ಲಿ ಬೀದಿಯ ಮುಖ್ಯ ಪೈಪಿನಿಂದ ಮನೆಯೊಳಕ್ಕೆ ಬರುವ ಸಣ್ಣ ಪೈಪನ್ನು ಸೀಸದಲ್ಲಿ ಮಾಡುತ್ತಿದ್ದರು. ಸೀಸ ಮೆತ್ತಗಿನ ಲೋಹ, ಸುಲಭವಾಗಿ ಬಾಗುತ್ತದೆ, ಬಹುಕಾಲ ಬಾಳುತ್ತದೆ. ಶಿಕಾಗೋ ನಗರದ ಕಾನೂನಂತೂ 1986ರಲ್ಲಿ ದೇಶಾದ್ಯಂತ ನಿಷೇಧ ಬರುವವರೆಗೂ ಸೀಸದ ಪೈಪನ್ನೇ ಹಾಕಬೇಕೆಂದು ವಿಧಿಸಿತ್ತು. ನೀರಿನ ಗುಣ ಬದಲಾದರೆ, ಅಥವಾ ಪೈಪನ್ನು ಅಲುಗಾಡಿಸಿದರೆ, ಸೀಸ ನೀರಿಗೆ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಸೀಸದ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಬೆಳೆಯುವ ಮಗುವಿನ ಮಿದುಳಿಗೆ ಅದರ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ.

ಆದ್ದರಿಂದ ಕೇಂದ್ರ ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ನಿಯಮ ಮಾಡಿತು: ದೇಶದ ಎಲ್ಲ ನೀರು ಸರಬರಾಜು ಸಂಸ್ಥೆಗಳೂ ಪ್ರತಿ ಮನೆಯ ಪೈಪು ಯಾವುದರಿಂದ ಮಾಡಿದ್ದು ಎಂಬ ಪಟ್ಟಿಯನ್ನು 2024ರ ಅಕ್ಟೋಬರ್ 16ರ ಒಳಗೆ ಕೊಡಬೇಕು. ಪಟ್ಟಿಯಲ್ಲಿ ನಾಲ್ಕು ವರ್ಗ. ಸೀಸ, ಸೀಸದ ಸಹವಾಸದಲ್ಲಿ ಕೆಟ್ಟಿರಬಹುದಾದ ಸತು ಲೇಪಿತ ಕಬ್ಬಿಣ, ಸೀಸವಲ್ಲದ್ದು, ಮತ್ತು 'ಗೊತ್ತಿಲ್ಲ'. ಸೀಸವಲ್ಲ ಎಂದು ಗುರುತಿಸಿದ ಮನೆಗಳನ್ನು ಬಿಟ್ಟು ಉಳಿದ ಮೂರು ವರ್ಗದ ಮನೆಗಳಿಗೂ ಪತ್ರ ಬರೆದು ಎಚ್ಚರಿಸಬೇಕು.

ನಮ್ಮ ಇಲಾಖೆಯ ದಾಖಲೆಗಳು ಬೀರುಗಳಲ್ಲಿದ್ದವು: ಒಂದೊಂದು ಮನೆಗೂ ಒಂದೊಂದು ಕಾರ್ಡು, ಪೆನ್ಸಿಲಿನಲ್ಲಿ ಬರೆದದ್ದು, ಕೆಲವು ಅಳಿಸಿಹೋದವು, ಕೆಲವಕ್ಕೆ ಕಾಫಿ ಚೆಲ್ಲಿದ ಕಲೆ. ಸಾವಿರಾರು ಮನೆಗಳಿಗೆ ಕಾರ್ಡೇ ಇರಲಿಲ್ಲ. ನಕ್ಷೆಯಲ್ಲಿ ಆ ಮನೆಗಳಿಗೆ ಬೂದು ಬಣ್ಣ. 2022ರ ಒಂದು ಸಂಜೆ ಮೇಲಧಿಕಾರಿ ನನ್ನ ಮೇಜಿನ ಬಳಿ ಬಂದು, "ಇಷ್ಟೊಂದು ಬೂದು ಇದ್ದರೆ ಹೇಗೆ? ಕಡಿಮೆ ಮಾಡಲು ಏನಾದರೂ ದಾರಿ ಇದೆಯೇ?" ಎಂದು ಕೇಳಿದರು. ಕಾರ್ಡು ಇರುವ ಮನೆಗಳನ್ನು ನೋಡಿದರೆ, 1940ರ ನಂತರದವು ಹೆಚ್ಚುಕಡಿಮೆ ಎಲ್ಲವೂ ತಾಮ್ರದವು. ನಾನು ಒಂದು ಸಾಲಿನ ಸೂತ್ರ ಬರೆದೆ. ಮನೆ ಕಟ್ಟಿದ ವರ್ಷ 1940 ಅಥವಾ ನಂತರದ್ದಾಗಿದ್ದು ಲೋಹದ ಕೋಶ ಖಾಲಿ ಇದ್ದರೆ, ಅಲ್ಲಿ 'ತಾಮ್ರ' ಎಂದು ತುಂಬು. ಗುಂಡಿ ಒತ್ತಿದೆ. ಸಾವಿರಾರು ಬೂದು ಚುಕ್ಕೆಗಳು ಹಸಿರಾದವು. ನಕ್ಷೆ ಸುಂದರವಾಗಿ ಕಂಡಿತು. ಅಂದು ಖುಷಿಯಿಂದಲೇ ಮನೆಗೆ ಹೋದೆ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಕೆಲವು ವಾರಗಳ ನಂತರ ಒಂದು ಫೋನ್ ಬಂತು. ಸಾಮಾನ್ಯವಾಗಿ ಗ್ರಾಹಕರ ಕರೆಗಳು ನಮ್ಮ ವಿಭಾಗಕ್ಕೆ ಬರುವುದಿಲ್ಲ. ಅಂದು ಯಾರೋ ಈ ಕಡೆ ತಿರುಗಿಸಿದ್ದರು. ಒಬ್ಬ ಹೆಣ್ಣುಮಗಳು. ಪಕ್ಕದ ಮನೆಯವರು ಹಳೆಯ ಪೈಪು ಬದಲಿಸಿದರಂತೆ, ತನಗೆ ಮೂರು ತಿಂಗಳ ಮಗು ಇದೆ, ಹಾಲಿನ ಪುಡಿಯನ್ನು ನಲ್ಲಿ ನೀರಿನಲ್ಲೇ ಕಲಸುತ್ತೇನೆ, ನಮ್ಮ ಮನೆಯದು ಯಾವ ಪೈಪು ಎಂದು ಕೇಳಿದರು. ವಿಳಾಸ ಹೊಡೆದೆ. ಹಸಿರು. "ತಾಮ್ರ, ಚಿಂತೆ ಮಾಡಬೇಡಿ" ಎಂದೆ. ಅವರು ನೆಮ್ಮದಿಯಿಂದ ಥ್ಯಾಂಕ್ಸ್ ಹೇಳಿದರು. ಎರಡು ನಿಮಿಷದ ಮಾತು. ಇಡುವ ಮೊದಲು ಹಿನ್ನೆಲೆಯಲ್ಲಿ ಮಗುವಿನ ದನಿ ಕೇಳಿಸಿತು.

ಎಂಟು ತಿಂಗಳಾದ ಮೇಲೆ ಆ ಬೀದಿಯಲ್ಲಿ ಮುಖ್ಯ ಪೈಪಿನ ದುರಸ್ತಿ ಬಂತು. ಗುಂಡಿಯಿಂದ ಮೇಸ್ತ್ರಿ ನನಗೊಂದು ಫೋಟೋ ಕಳಿಸಿದರು. ಮನೆಯ ಕಡೆಗೆ ಹೋಗುವ ಬೂದು ಬಣ್ಣದ ಪೈಪು. ಜೋಡಣೆಯ ಬಳಿ ಈರುಳ್ಳಿ ಗಡ್ಡೆಯ ಹಾಗೆ ಉಬ್ಬಿದ ಬೆಸುಗೆ. ಕೀಲಿಯಿಂದ ಗೀರಿದ ಜಾಗದಲ್ಲಿ ಬೆಳ್ಳಿಯ ಹೊಳಪು. ಅಯಸ್ಕಾಂತ ಹಿಡಿಯಲಿಲ್ಲ ಎಂದೂ ಬರೆದಿದ್ದರು. ಸೀಸ ಎಂದು ಹೇಳಲು ಇದಕ್ಕಿಂತ ಬೇಕಿಲ್ಲ. ಫೋಟೋದ ಕೆಳಗೆ ಅವರು ಕೇಳಿದ್ದ ಪ್ರಶ್ನೆ ಇಷ್ಟೇ: "ನಕ್ಷೆಯಲ್ಲಿ ತಾಮ್ರ ಅಂತಿದೆ. ಯಾರು ನೋಡಿದ್ದು?"

ಯಾರೂ ನೋಡಿರಲಿಲ್ಲ. ಆ ಮನೆ ಕಟ್ಟಿದ್ದು 1943ರಲ್ಲಿ. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಗುಂಡುಗಳಿಗೆ, ತಂತಿಗಳಿಗೆ ತಾಮ್ರ ಬೇಕಿತ್ತು. ಅಮೆರಿಕದ ಒಂದು ಸೆಂಟಿನ ನಾಣ್ಯವನ್ನೇ ಆ ವರ್ಷ ತಾಮ್ರ ಬಿಟ್ಟು ಉಕ್ಕಿನಲ್ಲಿ ಹೊಡೆದರು. ಕಾರ್ಖಾನೆ ಕೆಲಸಗಾರರಿಗೆಂದು ಅವಸರದಲ್ಲಿ ಎದ್ದ ಆ ಬೀದಿಯ ಮನೆಗಳಿಗೆ ಕೈಗೆ ಸಿಕ್ಕ ಸೀಸವನ್ನೇ ಹಾಕಿದ್ದರು. ನಮ್ಮ ಇಲಾಖೆಯ ಹಳಬರೊಬ್ಬರಿಗೆ ಇದು ಗೊತ್ತಿತ್ತು. ನಾನು ಅವರನ್ನು ಕೇಳಿರಲಿಲ್ಲ. ಸೂತ್ರ ಬರೆಯುವಾಗ ಯಾರನ್ನಾದರೂ ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಇಲಾಖೆಯ ಪತ್ರವನ್ನೂ ಒಂದು ಫಿಲ್ಟರನ್ನೂ ಹಿಡಿದು ನಾನೇ ಆ ಮನೆಗೆ ಹೋದೆ. ಆಕೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲು ತೆರೆದರು. ಫೋನಿನಲ್ಲಿ ಮಾತನಾಡಿದವನು ನಾನೇ ಎಂದು ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಆಕೆ ಬೈಯಲಿಲ್ಲ. ಸ್ವಲ್ಪ ಹೊತ್ತು ಪತ್ರವನ್ನು ನೋಡಿ, "ಗೊತ್ತಿಲ್ಲ ಅಂದಿದ್ದರೆ ಅವತ್ತೇ ಒಂದು ಫಿಲ್ಟರ್ ತಂದುಕೊಳ್ಳುತ್ತಿದ್ದೆ. ನೀವು ಗೊತ್ತು ಅಂದಿರಿ" ಎಂದರು.

ಆ ಮಾತನ್ನು ನಾನು ಬಹಳ ದಿನ ತಿರುಗಿಸಿ ನೋಡಿದ್ದೇನೆ. ನಾನು ಸುಳ್ಳು ಹೇಳಿದೆನೇ? ಸುಳ್ಳು ಎಂದರೆ ಗೊತ್ತಿದ್ದೂ ಬೇರೆ ಹೇಳುವುದು, ನನಗೆ ಗೊತ್ತಿರಲಿಲ್ಲ. ನನ್ನ ಊಹೆ ಅವಿವೇಕದ್ದೇ? ಅಲ್ಲ, ಹೆಚ್ಚಿನ ಮನೆಗಳಲ್ಲಿ ಅದು ಸರಿಯಾಗಿಯೇ ಇತ್ತು. ಹಾಗಾದರೆ ತಪ್ಪು ಎಲ್ಲಿ? ಆಕೆಯ ಬಳಿ ಒಂದು ಸಣ್ಣ ಸಂಶಯ ಇತ್ತು. ಆ ಸಂಶಯವೇ ಮಗುವಿಗೆ ಕಾವಲಾಗಿತ್ತು. ನಾನು ಅದನ್ನು ತೆಗೆದುಕೊಂಡು, ಬದಲಿಗೆ ನನ್ನ ಬಳಿ ಇಲ್ಲದ ಖಾತ್ರಿಯನ್ನು ಕೊಟ್ಟೆ. ತಿಳಿಯದಿರುವುದು ಅಪರಾಧವಲ್ಲ. ಮುಚ್ಚಿಹೋದ ನೆಲದಡಿ ಏನಿದೆ ಎಂದು ಯಾರಿಗೂ ಪೂರ್ತಿ ತಿಳಿಯುವುದಿಲ್ಲ. ತಿಳಿಯದ್ದಕ್ಕೆ ತಿಳಿದದ್ದರ ಬಣ್ಣ ಬಳಿದದ್ದು ನನ್ನ ಅಪರಾಧ.

ಈ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದರು ಎಂಬುದು ಆಮೇಲೆ ನೆನಪಾಯಿತು. ಭಾರತೀಯ ತರ್ಕಶಾಸ್ತ್ರದಲ್ಲಿ ಪ್ರಮಾಣಗಳ ಚರ್ಚೆ ಇದೆ: ಏನು ಗೊತ್ತು ಎನ್ನುವುದರ ಜೊತೆಗೆ ಹೇಗೆ ಗೊತ್ತು ಎನ್ನುವುದನ್ನೂ ಹೇಳಬೇಕು. ಕಂಡು ತಿಳಿದದ್ದು ಪ್ರತ್ಯಕ್ಷ. ನಂಬಿಕಸ್ಥರು ಹೇಳಿ ತಿಳಿದದ್ದು ಶಬ್ದ. ಹೊಗೆ ನೋಡಿ ಬೆಂಕಿ ಇದೆ ಎಂದುಕೊಳ್ಳುವುದು ಅನುಮಾನ. ಶಾಸ್ತ್ರ ಓದದ ಮಾವನ ಮೂರು ಉತ್ತರಗಳು ಇವೇ ಮೂರು. ಇದರಲ್ಲಿ ಕನ್ನಡ ಒಂದು ಜಾಣತನ ಮಾಡಿದೆ. ತರ್ಕದಲ್ಲಿ 'ಅನುಮಾನ' ಎಂದರೆ ಕಾರಣ ಹಿಡಿದು ಮಾಡಿದ ತೀರ್ಮಾನ. ನಾವು ಆಡುವ ಮಾತಿನಲ್ಲಿ 'ಅನುಮಾನ' ಎಂದರೆ ಸಂಶಯ. "ನನಗೆ ಅನುಮಾನ" ಎಂದರೆ ನಂಬಿಕೆ ಸಾಲದು ಎಂದರ್ಥ. ಊಹೆಯನ್ನು ಸಂಶಯದ ಜೊತೆಯಲ್ಲೇ ಇಟ್ಟುಕೊಳ್ಳಬೇಕು ಎಂದು ಭಾಷೆಯೇ ಹೇಳಿಕೊಟ್ಟಂತಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಗಾದೆ ಕೇಳಿ ಬೆಳೆದವನು ನಾನು. ಕಾಣದ್ದನ್ನೂ ಪ್ರಮಾಣಿಸದೆ ಬರೆದಿದ್ದೆ.

ಮೇಲಧಿಕಾರಿಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಅವರು ಕೆಟ್ಟವರಲ್ಲ. "ಎಲ್ಲವನ್ನೂ ಗೊತ್ತಿಲ್ಲ ಎಂದು ಬರೆದರೆ ಎಲ್ಲಿಂದ ಶುರು ಮಾಡುವುದು? ಒಂದು ಗುಂಡಿ ತೋಡಿ ನೋಡಲು ಸಾವಿರಾರು ಡಾಲರ್ ಬೇಕು. ಊಹೆ ಇಲ್ಲದೆ ಯಾವ ಕೆಲಸವೂ ಆಗುವುದಿಲ್ಲ" ಎನ್ನುವುದು ಅವರ ವಾದ. ಅದು ನಿಜ. ಅದಕ್ಕೆ ಒಳ್ಳೆಯ ಸಾಕ್ಷಿ ಮಿಶಿಗನ್ ರಾಜ್ಯದ ಫ್ಲಿಂಟ್ ನಗರ. 2014ರ ಏಪ್ರಿಲ್‌ನಲ್ಲಿ ಅಲ್ಲಿನ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದಾಗ, ಪೈಪು ಸವೆಯದಂತೆ ತಡೆಯುವ ರಾಸಾಯನಿಕವನ್ನು ಸೇರಿಸಲಿಲ್ಲ. ಸೀಸ ನೀರಿಗೆ ಬಿಟ್ಟಿತು. ಪೈಪು ಬದಲಿಸಲು ಹೊರಟಾಗ ಸಿಕ್ಕದ್ದು ಸುಮಾರು 45,000 ಹಳೆಯ ಕಾರ್ಡುಗಳು. ಅಲ್ಲಿನ ವಿಶ್ವವಿದ್ಯಾಲಯದವರು ಅವನ್ನು ನಕ್ಷೆಗೆ ಇಳಿಸಿದರು; ಕಾರ್ಡಿನಲ್ಲಿ ಬರೆದದ್ದೂ ನೆಲದಲ್ಲಿದ್ದದ್ದೂ ಎಷ್ಟೋ ಕಡೆ ಹೊಂದಲಿಲ್ಲ. ಆಗ ಕೆಲವು ಸಂಶೋಧಕರು ಮನೆಯ ವಯಸ್ಸು, ಜಾಗ, ಹಳೆಯ ದಾಖಲೆ ಎಲ್ಲವನ್ನೂ ಕೂಡಿಸಿ, ಯಾವ ಮನೆಯಲ್ಲಿ ಸೀಸ ಇರುವ ಸಂಭವ ಎಷ್ಟು ಎಂದು ಲೆಕ್ಕ ಹಾಕುವ ಕಂಪ್ಯೂಟರ್ ವಿಧಾನ ಕಟ್ಟಿದರು. ಅದನ್ನು ಅನುಸರಿಸಿ ಅಗೆದ 2017ರಲ್ಲಿ ಹತ್ತು ಮನೆಗೆ ಏಳರಂತೆ ಬದಲಿಸಬೇಕಾದ ಪೈಪು ಸಿಕ್ಕಿತು. ಮರುವರ್ಷ ಆ ಲೆಕ್ಕವನ್ನು ಬದಿಗಿಟ್ಟು ಅಗೆದಾಗ ಹತ್ತಕ್ಕೆ ಎರಡೂ ಸಿಗಲಿಲ್ಲ.

ಅಂದರೆ ಊಹೆ ವೈರಿಯಲ್ಲ. ಆದರೆ ಅವರ ಊಹೆಗೂ ನನ್ನ ಊಹೆಗೂ ಇರುವ ವ್ಯತ್ಯಾಸ ನೋಡಿ. ಅವರದು ಊಹೆ ಎಂಬ ಹೆಸರಿನಲ್ಲೇ ಬಂತು. ಈ ಮನೆಯಲ್ಲಿ ಸಂಭವ ಇಷ್ಟು ಎಂದಷ್ಟೇ ಹೇಳಿತು. ಮೊದಲು ಎಲ್ಲಿ ಅಗೆಯಬೇಕು ಎಂದು ತೋರಿಸಿತು. ನನ್ನದು, ಇಲ್ಲಿ ಅಗೆಯುವುದೇ ಬೇಡ ಎಂದಿತು. ಊಹೆ ಸರದಿಯನ್ನು ನಿರ್ಧರಿಸಬಹುದು, ಅಭಯ ಕೊಡಬಾರದು. ಫ್ಲಿಂಟ್‌ನಲ್ಲಿ ಇನ್ನೂ ಒಂದು ಪಾಠವಿದೆ. ಲೆಕ್ಕ ಏನೇ ಹೇಳಲಿ, ನಮ್ಮ ಮನೆಯನ್ನೂ ಅಗೆದು ತೋರಿಸಿ ಎಂದು ಅಲ್ಲಿನ ಜನ ಪಟ್ಟು ಹಿಡಿದರು. ಹಣ ಪೋಲಾಯಿತು ಎಂದು ದೂರದಲ್ಲಿದ್ದವರು ಹೇಳಬಹುದು. ಆದರೆ ನೀರು ಚೆನ್ನಾಗಿದೆ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದಾಗ ಮಕ್ಕಳಿಗೆ ಅದೇ ನೀರು ಕುಡಿಸಿದ ಜನ ಅವರು. ಅವರಿಗೆ ಪ್ರತ್ಯಕ್ಷವಲ್ಲದೆ ಬೇರೆ ಯಾವ ಪ್ರಮಾಣವೂ ಉಳಿದಿರಲಿಲ್ಲ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವ ನೈತಿಕ ಪ್ರಶ್ನೆ ಇದು: ಊಹಿಸುವವನು ಯಾರು, ಊಹೆ ತಪ್ಪಿದರೆ ಅನುಭವಿಸುವವರು ಯಾರು? ಕೊಡೆ ಬೇಡ ಎಂದು ನಾನು ಊಹಿಸಿ ನಾನೇ ನೆಂದರೆ ಅದು ನನ್ನ ವಿಷಯ. ನಾನು ಕುರ್ಚಿಯಲ್ಲಿ ಕೂತು ಊಹಿಸಿ ಇನ್ನೊಬ್ಬರ ಮಗು ಆ ನೀರು ಕುಡಿದರೆ ಹಾಗಲ್ಲ. ಅಪಾಯವನ್ನು ಬೇರೆಯವರ ಮೇಲೆ ಹೊರಿಸುವ ಊಹೆಯಾದರೆ, ಅದು ಊಹೆ ಎಂದು ತಿಳಿಯುವ ಹಕ್ಕು ಅವರಿಗಿದೆ. ಮಾವ ತಪ್ಪು ಜಾಗ ತೋರಿಸಿದರೆ ಅದೇ ಗುಂಡಿಯ ಪಕ್ಕ ನಿಂತು ಬೈಸಿಕೊಳ್ಳಬೇಕಿತ್ತು. ಅದಕ್ಕೇ ಇರಬೇಕು, 'ಇರಬೌದು' ಎಂಬ ಮಾತು ಅವರ ಬಾಯಲ್ಲಿ ಅಷ್ಟು ಸಹಜವಾಗಿ ಬರುತ್ತಿತ್ತು.

ಕಂಪ್ಯೂಟರ್ ಈ ದೂರವನ್ನು ಇನ್ನೂ ಹೆಚ್ಚು ಮಾಡುತ್ತದೆ. ಇದು ಅಮೆರಿಕಕ್ಕೆ ಮಾತ್ರ ಸೇರಿದ ವಿಷಯವಲ್ಲ. 'ಭೂಮಿ' ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ರೈತರಿಗೆ ಆದ ಅನುಕೂಲ ದೊಡ್ಡದು. ಒಂದು ಪಹಣಿಗಾಗಿ ಶಾನುಭೋಗರ ಮನೆ ಬಾಗಿಲು ಕಾಯುವುದು ತಪ್ಪಿತು. ಆದರೆ ಹೆಸರಿನಲ್ಲೋ ಗುಂಟೆಯ ಲೆಕ್ಕದಲ್ಲೋ ತಪ್ಪು ನುಸುಳಿದವರು ಕಚೇರಿಯ ಕಿಟಕಿಯಲ್ಲಿ ಕೇಳುವ ಮಾತು ಓದುಗರಿಗೆ ಗೊತ್ತೇ ಇದೆ: "ಕಂಪ್ಯೂಟರ್‌ನಲ್ಲಿ ಹೀಗೇ ಇದೆ." ಕೈಬರಹದಲ್ಲಿ ಇದ್ದಾಗ ಅದು ಯಾರೋ ಒಬ್ಬರು ಬರೆದ ಮಾತು, ಅವರನ್ನು ಹುಡುಕಿ ಹೋಗಿ ಕೇಳಬಹುದಿತ್ತು. ಪರದೆಯ ಮೇಲೆ ಬಂದ ಕೂಡಲೇ ಅದಕ್ಕೆ ಬರೆದವರೇ ಇಲ್ಲ. ಆಕೆಗೆ ಫೋನಿನಲ್ಲಿ ಉತ್ತರ ಕೊಟ್ಟಾಗ, ನಾನೇ ತುಂಬಿದ ಊಹೆಯನ್ನು ನಾನೇ ಸತ್ಯವೆಂದು ಓದಿ ಹೇಳಿದ್ದೆ. ಕೆಲವೇ ವಾರಗಳಲ್ಲಿ ನನ್ನ ಊಹೆ ನನಗೇ ದಾಖಲೆಯಾಗಿತ್ತು.

ಆ ಘಟನೆಯ ನಂತರ ನಾನು ಮಾಡಿದ ಬದಲಾವಣೆ ತೀರಾ ಚಿಕ್ಕದು. ಪ್ರತಿ ಪೈಪಿನ ಪಟ್ಟಿಗೂ ಒಂದು ಹೊಸ ಕೋಶ ಸೇರಿಸಿದೆ: 'ಹೇಗೆ ಗೊತ್ತು?' ಅದಕ್ಕೆ ಮೂರೇ ಉತ್ತರ. ಅಗೆದು ನೋಡಿದ್ದು, ದಾಖಲೆಯಲ್ಲಿ ಇದ್ದದ್ದು, ಊಹಿಸಿದ್ದು. ನೋಡಿದ್ದಕ್ಕೆ ಗಟ್ಟಿ ಗೆರೆ, ದಾಖಲೆಗೆ ತುಂಡು ಗೆರೆ, ಊಹೆಗೆ ಚುಕ್ಕೆ ಗೆರೆ. ಯಾರು, ಯಾವ ದಿನ ತುಂಬಿದರು ಎಂಬುದೂ ಅದರ ಜೊತೆ ಇರುತ್ತದೆ. ನನ್ನ ಸೂತ್ರ ತುಂಬಿದ ಮನೆಗಳೆಲ್ಲ ಮತ್ತೆ ಬೂದು ಬಣ್ಣಕ್ಕೆ ಹೋದವು. ನಕ್ಷೆ ಮೊದಲಿನಷ್ಟೇ ಕುರೂಪವಾಯಿತು. ಮೇಲಧಿಕಾರಿ ಬಹಳ ಹೊತ್ತು ಸುಮ್ಮನೆ ನೋಡಿ, "ಇದನ್ನು ಮೇಲಿನವರಿಗೆ ನಾನು ಹೇಗೆ ವಿವರಿಸಲಿ?" ಎಂದರು. ಆದರೂ ಸಹಿ ಹಾಕಿದರು. ಅದಕ್ಕಾಗಿ ಅವರ ಮೇಲೆ ನನಗೆ ಗೌರವ.

ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಮಾವನಿಗೆ ಇದರ ಒಂದು ಮಾದರಿ ತೋರಿಸಿದೆ. ಕಣ್ಣಿಗೆ ಪೊರೆ ಬಂದಿದೆ. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಈ ಚುಕ್ಕೆ ಚುಕ್ಕೆ ಏನಲೇ ಅಳಿಯ?" ಎಂದರು. "ಅದು ಇರಬೌದು ಅಂತ, ಮಾವ" ಎಂದೆ. "ಹಂಗಾದ್ರೆ ಅಲ್ಲಿ ನಿಧಾನಕ್ಕೆ ಅಗೀಬೇಕು ಅಂತ ಹುಡುಗ್ರಿಗೆ ಹೇಳಿದ್ದೀಯೋ ಇಲ್ವೋ?" ಎಂದು ಕೇಳಿದರು. ಹೇಳಿರಲಿಲ್ಲ. ಹಿಂತಿರುಗಿದ ಮೇಲೆ ಮೊದಲು ಮಾಡಿದ ಕೆಲಸ ಅದು.

2024ರ ಅಕ್ಟೋಬರ್ 16ರಂದು ನಮ್ಮ ಪಟ್ಟಿ ಹೋಯಿತು. ಅದೇ ದಿನ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೆಯ ಹಂತದ ಉದ್ಘಾಟನೆ ನಡೆದ ಸುದ್ದಿಯನ್ನು ರಾತ್ರಿ ಓದಿದೆ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡುವ ಯೋಜನೆ. ಎಷ್ಟೊಂದು ಹೊಸ ಪೈಪುಗಳು ನೆಲದೊಳಗೆ ಹೋಗಿವೆ, ಇನ್ನೂ ಹೋಗುತ್ತವೆ! ಹಳೆಯ ಊರಿನ ನಕ್ಷೆ ಮಾಡುವವನ ಹೊಟ್ಟೆಕಿಚ್ಚು ಇದು: ಅವರಿಗೆ ಗುಂಡಿ ತೆರೆದೇ ಇರುವಾಗ ನೋಡಿ ಬರೆದುಕೊಳ್ಳುವ ಭಾಗ್ಯವಿದೆ. ಮಣ್ಣು ಮುಚ್ಚುವ ಮೊದಲು ಒಂದು ಫೋಟೋ, ಒಂದು ಅಳತೆ, ಬರೆದವರ ಹೆಸರು. ಆ ಹತ್ತು ನಿಮಿಷ ಉಳಿಸಿದರೆ, ಐವತ್ತು ವರ್ಷದ ನಂತರ ಯಾರೋ ಒಬ್ಬರು ಕುರ್ಚಿಯಲ್ಲಿ ಕೂತು ಸೂತ್ರ ಬರೆಯಬೇಕಾಗುತ್ತದೆ.

ಮುಂದಿನ ಮೂವತ್ತು ದಿನಗಳಲ್ಲಿ ಪತ್ರಗಳು ಹೋಗಬೇಕಿತ್ತು. ಬೂದು ಬಣ್ಣದ ಮನೆಗಳಿಗೆ ಕಳಿಸುವ ಪತ್ರದ ಕರಡು ನನ್ನ ಕಣ್ಣ ಮುಂದೆ ಬಂದಾಗ, ಅದರಲ್ಲಿ ಪೈಪಿನ ಲೋಹ "ಪ್ರಸ್ತುತ ಪರಿಶೀಲನೆಯಲ್ಲಿದೆ" ಎಂಬ ಅರ್ಥದ ವಾಕ್ಯವಿತ್ತು. ಅದನ್ನು ಹೊಡೆದುಹಾಕಿ, ನಿಮ್ಮ ಮನೆಗೆ ಬರುವ ಪೈಪು ಯಾವುದರಿಂದ ಮಾಡಿದ್ದು ಎಂದು ನಮಗೆ ಗೊತ್ತಿಲ್ಲ ಎಂದು ಬರೆದೆ. ಗೊತ್ತಾಗುವವರೆಗೆ ಏನು ಮಾಡಬೇಕು ಎಂದು ಕೆಳಗೆ ಸೇರಿಸಿದೆವು: ಕುಡಿಯಲು, ಅಡುಗೆಗೆ ತಣ್ಣೀರಿನ ನಲ್ಲಿಯನ್ನೇ ಬಳಸಿ; ಬೆಳಗ್ಗೆ ಸ್ವಲ್ಪ ಹೊತ್ತು ನೀರು ಹರಿಯಬಿಡಿ; ಸೀಸ ತೆಗೆಯುತ್ತದೆ ಎಂದು ಪ್ರಮಾಣಿತವಾದ ಫಿಲ್ಟರ್ ಹಾಕಿ; ಮಕ್ಕಳಿದ್ದರೆ ರಕ್ತಪರೀಕ್ಷೆಗೆ ವೈದ್ಯರನ್ನು ಕೇಳಿ. ಪತ್ರ ತಲುಪಿದ ವಾರ ಫೋನುಗಳು ಎಡೆಬಿಡದೆ ಬಂದವು. ಇಷ್ಟು ವರ್ಷ ಬಿಲ್ಲು ತೆಗೆದುಕೊಂಡು ಈಗ ಗೊತ್ತಿಲ್ಲ ಅನ್ನುತ್ತೀರಾ ಎಂದು ಹಲವರು ರೇಗಿದರು. ರೇಗಲಿ. ರೇಗಿದವರು ಫಿಲ್ಟರ್ ಹಾಕಿಸುತ್ತಾರೆ.

ಆ ಹೆಣ್ಣುಮಗಳ ಮನೆಯ ಪೈಪನ್ನು ಫೋಟೋ ಬಂದ ತಿಂಗಳಲ್ಲೇ ಬದಲಿಸಿದೆವು. ಗುಂಡಿ ಮುಚ್ಚುವ ಮೊದಲು ನಾನು ಹೋಗಿ ನಿಂತು ನೋಡಿದೆ. ಈಗ ನಕ್ಷೆಯಲ್ಲಿ ಅದು ಗಟ್ಟಿ ಗೆರೆ, ಲೋಹ, ತಾಮ್ರ, ಹೇಗೆ ಗೊತ್ತು, ಅಗೆದು ನೋಡಿದ್ದು, ತುಂಬಿದವರು, ನಾನು. ಮಗುವಿಗೆ ರಕ್ತಪರೀಕ್ಷೆ ಮಾಡಿಸುವುದಾಗಿ ಆಕೆ ಅಂದು ಹೇಳಿದ್ದರು. ಫಲಿತಾಂಶ ಏನಾಯಿತು ಎಂದು ತಿಳಿಸಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.